ಪಿಇಟಿ–ಪಾಲಿಥೀನ್ ಫಿಲ್ಮ್‌ನ ರಾಮನ್ ಸಿಗ್ನಲ್ ಬೇರ್ಪಡಿಸುವುದು ಹೇಗೆ?

ಪದರಪ್ಪ: ಪೌಚ್ ಫಿಲ್ಮ್ ಒಂದನ್ನು ರಾಮನ್‌ನಲ್ಲಿ (ಲೇಸರ್ ಬೆಳಕು ಚದುರುವ ರೀತಿಯಿಂದ ವಸ್ತು ಗುರುತಿಸುವ ವಿಧಾನ) ನೋಡುತ್ತಿದ್ದೇನೆ. ಮೇಲೆ 12 ಮೈಕ್ರಾನ್ ಪಿಇಟಿ (ಪಾಲಿಯೆಸ್ಟರ್), ನಡುವೆ ಸುಮಾರು 3 ಮೈಕ್ರಾನ್ ಪಾಲಿಯುರಿಥೇನ್ ಅಂಟು, ಕೆಳಗೆ 50 ಮೈಕ್ರಾನ್ ಎಲ್‌ಡಿಪಿಇ (ಕಡಿಮೆ ಸಾಂದ್ರತೆಯ ಪಾಲಿಥೀನ್). 532 ನ್ಯಾನೊಮೀಟರ್ ಲೇಸರ್, 100ಎಕ್ಸ್ ಡ್ರೈ ಲೆನ್ಸ್ (ಎನ್‌ಎ, ಅಂದರೆ ಬೆಳಕು ಹಿಡಿಯುವ ಕೋನದ ಅಳತೆ, 0.9). ಪಿಇಟಿ ಕಡೆಯಿಂದ ಆಳಕ್ಕೆ ಸ್ಕ್ಯಾನ್ ಮಾಡಿದರೆ 5 ಮೈಕ್ರಾನ್‌ಗೇ ಪಾಲಿಥೀನ್‌ನ 1062, 1130 cm⁻¹ ಪೀಕ್‌ಗಳು ಕಾಣುತ್ತಿವೆ. ಎಂಸಿಆರ್-ಎಎಲ್‌ಎಸ್‌ನಲ್ಲಿ (ಬೆರೆತ ಸ್ಪೆಕ್ಟ್ರಮ್‌ಗಳನ್ನು ಶುದ್ಧ ಘಟಕಗಳಾಗಿ ಬಿಡಿಸುವ ಲೆಕ್ಕಾಚಾರ) ಮೂರು ಘಟಕ ಕೊಟ್ಟೆ. ಮೂರನೆಯದೇ ಅಂಟು ಅನ್ನಬಹುದೇ?

ಬೆಳಕಿಂಡಿ: ಮೊದಲು ಆ 5 ಮೈಕ್ರಾನ್ ನಂಬಬೇಡಿ, ಅದು ಸ್ಟೇಜ್ ಇಳಿದ ದೂರ ಅಷ್ಟೇ. ವಕ್ರೀಭವನಾಂಕ 1.6 ಹಿಡಿದರೆ ಲೆನ್ಸ್ ನಡುವಿನ ಕಿರಣ 8 ಮೈಕ್ರಾನ್‌ನಲ್ಲಿ ಸೇರುತ್ತದೆ, ಅಂಚಿನ ಕಿರಣ 15ರಲ್ಲಿ. ಅಂದರೆ ಪಿಇಟಿ, ಅಂಟು, ಪಾಲಿಥೀನ್ ಮೂರೂ ಒಂದೇ ಸ್ಪೆಕ್ಟ್ರಮ್‌ನಲ್ಲಿ. ಆಯಿಲ್ ಇಮ್ಮರ್ಶನ್ ಲೆನ್ಸ್ (ಲೆನ್ಸ್‌ಗೂ ಫಿಲ್ಮ್‌ಗೂ ನಡುವೆ ಗಾಳಿಯ ಬದಲು ಎಣ್ಣೆ) ಹಾಕಿದರೆ ಈ ಹರಡುವಿಕೆ ಬಹುಪಾಲು ಇಳಿಯುತ್ತದೆ. ಅಂಟೇ ಬೇಕಿದ್ದರೆ ಅಡ್ಡ ಕತ್ತರಿಸಿ ನೋಡುವುದೇ ವಾಸಿ.

ಮೈಕ್ರೋಟೋಮ್: ಕತ್ತರಿಸುವಾಗ ಎಪಾಕ್ಸಿಯಲ್ಲಿ ಹುಗಿಯಬೇಡಿ. ಅದರ ಬೆಂಜೀನ್ ಉಂಗುರದ ಪೀಕ್ 1610ರ ಹತ್ತಿರ, ಪಿಇಟಿಯದು 1615. ಆಮೇಲೆ ಬಿಡಿಸಲು ಆಗದು. ಎರಡು ಗಟ್ಟಿ ಹಲಗೆಗಳ ನಡುವೆ ಒತ್ತಿ ಹಿಡಿದು, ತಣ್ಣಗೆ ಮಾಡಿ, ಬ್ಲೇಡ್ ಪದರಗಳ ಉದ್ದಕ್ಕೆ ಓಡುವಂತೆ ಕತ್ತರಿಸಿ. ಪದರಗಳಿಗೆ ಅಡ್ಡವಾಗಿ ಎಳೆದರೆ ಮೆತ್ತನೆಯ ಪಾಲಿಥೀನ್ ಪಿಇಟಿ ಮೇಲೆ ಸವರಿಕೊಳ್ಳುತ್ತದೆ. ಲೇಸರ್ ಚುಕ್ಕೆ ಸುಮಾರು 0.7 ಮೈಕ್ರಾನ್, ಹೆಜ್ಜೆ 0.5 ಇಟ್ಟರೆ ಅಂಟಿನಲ್ಲಿ ಐದಾರು ಬಿಂದು ಸಿಗುತ್ತವೆ.

ಕಡಿಮೆ_ಶೇಷ: ಮೂರನೆಯ ಘಟಕದ ಸ್ಪೆಕ್ಟ್ರಮ್ ಪ್ಲಾಟ್ ಮಾಡಿ ನೋಡಿದಿರಾ? ಅಗಲವಾದ ಗುಡ್ಡದಂತಿದ್ದರೆ ಫ್ಲೋರೊಸೆನ್ಸ್ (ಲೇಸರ್ ಬಿದ್ದಾಗ ವಸ್ತು ಸೂಸುವ ಹಿನ್ನೆಲೆ ಬೆಳಕು). ಋಣ ಸಂಖ್ಯೆಗೂ ಅವಕಾಶ ಬಿಟ್ಟಾಗ 1615ರ ಬಳಿ ಮೇಲೆ-ಕೆಳಗೆ ತಿರುಚಿದರೆ ಪೀಕ್ ಸರಿದಿದೆ, ಸಿಲಿಕಾನ್‌ನ 520.5ಕ್ಕೆ ಮತ್ತೆ ಕ್ಯಾಲಿಬ್ರೇಟ್ ಮಾಡಿ. ಒಂದೇ ಚೂಪು ಗೆರೆಯಾದರೆ ಕಾಸ್ಮಿಕ್ ಕಿರಣ. ಅಂಟು ಆರೊಮ್ಯಾಟಿಕ್ (ಬೆಂಜೀನ್ ಉಂಗುರ ಇರುವಂಥದ್ದು) ಆಗಿದ್ದರೆ ಅದರದೂ 1615ರ ಸುತ್ತಲೇ ಬರುತ್ತದೆ, ಆ ಒಂದು ಪೀಕ್ ನೋಡಿ ತೀರ್ಮಾನಿಸಬೇಡಿ.

ಪಾಲಿಥೀನ್ ಶುದ್ಧ ಸ್ಪೆಕ್ಟ್ರಮ್‌ಅನ್ನು ಅದೇ ಫಿಲ್ಮ್‌ನ ಹಿಂಬದಿಯಿಂದ ತೆಗೆದು ಸ್ಥಿರವಾಗಿ ಕಟ್ಟಿಹಾಕಿ, ಉಳಿದವಕ್ಕೆ ನಾನ್-ನೆಗೆಟಿವಿಟಿ (ಸೊನ್ನೆಗಿಂತ ಕೆಳಗೆ ಹೋಗಬಾರದೆಂಬ ನಿರ್ಬಂಧ). ಮೀನ್ ಸೆಂಟರಿಂಗ್ (ಸರಾಸರಿ ಕಳೆಯುವುದು) ಬೇಡ, ಡೆರಿವೇಟಿವ್ (ಸ್ಪೆಕ್ಟ್ರಮ್‌ನ ಇಳಿಜಾರು ತೆಗೆಯುವುದು) ಬೇಡ. ಎರಡೂ ಋಣ ಸಂಖ್ಯೆ ತಂದು ಆ ನಿರ್ಬಂಧವನ್ನೇ ಕೆಡಿಸುತ್ತವೆ. ಶೇಷ (ಅಳತೆಗೂ ಲೆಕ್ಕಕ್ಕೂ ಉಳಿದ ವ್ಯತ್ಯಾಸ) ಕಡಿಮೆ ಬಂತೆಂದು ಹಿಗ್ಗಬೇಡಿ: ಎರಡು ಸ್ಪೆಕ್ಟ್ರಮ್‌ಗಳನ್ನು ಪರಸ್ಪರ ಬೆರೆಸಿದರೂ ಶೇಷ ಅಷ್ಟೇ ಇರುತ್ತದೆ. ಪಿಇಟಿ ಘಟಕದಲ್ಲಿ 1062 ಉಳಿದಿದ್ದರೆ ಇನ್ನೂ ಬೇರ್ಪಟ್ಟಿಲ್ಲ.

ಪದರಪ್ಪ: ನೋಡಿದೆ, ಗುಡ್ಡವೇ. ಅಡ್ಡ ಕತ್ತರಿಸಿ ಮತ್ತೆ ಹಾಕುತ್ತೇನೆ.