ಕಾಯಿಲ್ ಪಕ್ಕಕ್ಕೆ ಸರಿದರೆ ಪವರ್ ಇಳಿಯಬೇಕಲ್ವಾ? ಇಲ್ಲಿ ಏರುತ್ತಿದೆ!

ಸುರುಳಿ_ಸುತ್ತುವವ:
ಎಲೆಕ್ಟ್ರಿಕ್ ಕಾರಿಗೆ 3.3 ಕಿಲೋವ್ಯಾಟ್ ವೈರ್‌ಲೆಸ್ ಚಾರ್ಜರ್ ಡಿಸೈನ್ ಮಾಡುತ್ತಿದ್ದೇನೆ. ಸದ್ಯಕ್ಕೆ ಟೇಬಲ್ ಮೇಲಿನ ಸೆಟಪ್ ಅಷ್ಟೇ. 85 ಕಿಲೋಹರ್ಟ್ಸ್, ಎರಡೂ ಕಡೆ 100 ಮೈಕ್ರೋಹೆನ್ರಿ ದುಂಡು ಕಾಯಿಲ್, ನಡುವೆ 15 ಸೆಂ.ಮೀ. ಅಂತರ, ಎರಡೂ ಕಡೆ ಸೀರೀಸ್ ಕೆಪಾಸಿಟರ್ (ಎಸ್‌ಎಸ್), ಆ ತುದಿಯಲ್ಲಿ 320 ವೋಲ್ಟ್ ಬ್ಯಾಟರಿ. ನೇರ ಇಟ್ಟಾಗ ಕಪ್ಲಿಂಗ್ (ಎರಡು ಕಾಯಿಲ್‌ಗಳ ನಡುವಿನ ಕಾಂತೀಯ ನಂಟು, 0ಯಿಂದ 1ರ ಅಳತೆಯಲ್ಲಿ) 0.2, ಪ್ರೈಮರಿಯಲ್ಲಿ, ಅಂದರೆ ಕೆಳಗಿನ ಕಾಯಿಲ್‌ನಲ್ಲಿ, 27 ಆಂಪಿಯರ್. ಮೇಲಿನ ಕಾಯಿಲನ್ನು 10 ಸೆಂ.ಮೀ. ಪಕ್ಕಕ್ಕೆ ಸರಿಸಿದರೆ ಕಪ್ಲಿಂಗ್ 0.12ಕ್ಕೆ ಇಳಿಯುತ್ತದೆ, ಆದರೆ ಕರೆಂಟ್ ಏರುತ್ತಾ ಹೋಗಿ ಇನ್ವರ್ಟರ್ (ಡಿಸಿಯನ್ನು 85 ಕಿಲೋಹರ್ಟ್ಸ್ ಎಸಿ ಮಾಡಿ ಪ್ರೈಮರಿಗೆ ಕೊಡುವ ಭಾಗ) ಟ್ರಿಪ್ ಆಗುತ್ತದೆ. ವೈರಿಂಗ್ ಎಲ್ಲ ನೋಡಿದೆ, ಸರಿಯಾಗಿದೆ. ಏನಿದು?

ಫೆರೈಟ್_ಪುಡಿ:
ವೈರಿಂಗ್ ಬಿಡಿ, ಎಸ್‌ಎಸ್‌ನ ಗುಣವೇ ಅದು. ರೆಸೊನೆನ್ಸ್‌ನಲ್ಲಿ (ಕಾಯಿಲ್, ಕೆಪಾಸಿಟರ್ ಎರಡೂ 85 ಕಿಲೋಹರ್ಟ್ಸ್‌ಗೆ ಟ್ಯೂನ್ ಆಗಿದ್ದಾಗ) ಪ್ರೈಮರಿ ಕರೆಂಟ್ ಅಂದರೆ ಕಾರಿನ ಕಡೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಮುಂದಿನ ಎಸಿ ವೋಲ್ಟೇಜನ್ನು ωM ನಿಂದ ಭಾಗಿಸಿದ್ದು. ω ಅಂದರೆ 2π ಗುಣಿಸು ಫ್ರೀಕ್ವೆನ್ಸಿ, M ಅಂದರೆ ಎರಡು ಕಾಯಿಲ್‌ಗಳ ಪರಸ್ಪರ ಇಂಡಕ್ಟೆನ್ಸ್ (ಇಲ್ಲಿ ಕಪ್ಲಿಂಗ್ ಗುಣಿಸು 100 ಮೈಕ್ರೋಹೆನ್ರಿ). ಬ್ಯಾಟರಿ ಇದೆ, ಹಾಗಾಗಿ ಆ ವೋಲ್ಟೇಜ್ ಹೆಚ್ಚುಕಡಿಮೆ ಗಟ್ಟಿಯಾಗಿ ನಿಂತಿರುತ್ತದೆ, ಸುಮಾರು 288 ವೋಲ್ಟ್. M 20 ಮೈಕ್ರೋಹೆನ್ರಿಯಿಂದ 12ಕ್ಕೆ ಇಳಿದರೆ 27 ಹೋಗಿ 45 ಆಂಪಿಯರ್ ಆಗಲೇಬೇಕು. ಮೇಲೆ ಕಾರೇ ಇಲ್ಲದಿದ್ದರೆ ಇನ್ವರ್ಟರ್‌ಗೆ ಕಾಣುವುದು ಕಾಯಿಲ್‌ನ ಸ್ವಂತ ರೆಸಿಸ್ಟೆನ್ಸ್ ಮಾತ್ರ, ಅಂದರೆ ಶಾರ್ಟ್ ಅಂತಲೇ ಲೆಕ್ಕ.

ಎರಡೂ ಕಡೆ ಎಲ್‌ಸಿಸಿ (ಒಂದು ಕೆಪಾಸಿಟರ್ ಬದಲು ಒಂದು ಚಿಕ್ಕ ಇಂಡಕ್ಟರ್, ಎರಡು ಕೆಪಾಸಿಟರ್ ಇರುವ ಜೋಡಣೆ) ಹಾಕಿ. ಆಗ ಕಾಯಿಲ್ ಕರೆಂಟ್ ನಿರ್ಧಾರವಾಗುವುದು ಇನ್ವರ್ಟರ್ ವೋಲ್ಟೇಜ್ ಮತ್ತು ಮುಂದಿನ ಚಿಕ್ಕ ಇಂಡಕ್ಟರ್‌ನಿಂದ, ಕಪ್ಲಿಂಗ್ ಅದನ್ನು ಮುಟ್ಟುವುದಿಲ್ಲ. ಕಾರು ಸರಿದರೆ ಪವರ್ ಇಳಿಯುತ್ತದೆ, ಏನೂ ಸುಡುವುದಿಲ್ಲ.

ಸುಮ್ನೆ_ನೋಡೋಣ:
ಇಷ್ಟಕ್ಕೆಲ್ಲ ಎಲ್‌ಸಿಸಿ ಯಾಕೆ? ಎರಡು ಇಂಡಕ್ಟರ್ ಜಾಸ್ತಿ, ಎರಡು ಕೆಪಾಸಿಟರ್ ಜಾಸ್ತಿ, ಅವುಗಳ ನಷ್ಟ ಬೇರೆ. ಇನ್ವರ್ಟರ್ ಮುಂದೆ ಡಿಸಿ ವೋಲ್ಟೇಜ್ ಇಳಿಸುವ ಕನ್ವರ್ಟರ್ ಇಟ್ಟರೆ ಪವರ್ ಹಿಡಿತಕ್ಕೆ ಬರುತ್ತದಲ್ಲ.

ಫೆರೈಟ್_ಪುಡಿ:
ಪವರ್ ಬರುತ್ತದೆ, ಕರೆಂಟ್ ಬರುವುದಿಲ್ಲ. ಮೇಲಿನ ಲೆಕ್ಕ ಇನ್ನೊಮ್ಮೆ ನೋಡಿ, ಪ್ರೈಮರಿ ಕರೆಂಟ್‌ನಲ್ಲಿ ಇನ್ವರ್ಟರ್ ವೋಲ್ಟೇಜ್ ಎಲ್ಲೂ ಇಲ್ಲ. ಇಳಿಸಿದರೆ ಸೆಕೆಂಡರಿ (ಮೇಲಿನ ಕಾಯಿಲ್) ಕರೆಂಟ್ ಇಳಿಯುತ್ತದೆ, ಪ್ರೈಮರಿ ಆ 45ರಲ್ಲೇ ಕೂತಿರುತ್ತದೆ. ಕಾರಿನ ಕಡೆಯೂ ಒಂದು ಕನ್ವರ್ಟರ್ ಇಟ್ಟು ಬ್ಯಾಟರಿ ವೋಲ್ಟೇಜ್ ಕಡಿಮೆ ಕಾಣುವಂತೆ ಮಾಡಿದರೆ ಬೇರೆ ಮಾತು, ಆದರೆ ಆಗ ನಿಮ್ಮ ಉಳಿತಾಯ ಎಲ್ಲಿ ಉಳಿಯಿತು?

ಮೂರನೇ_ಕಾಯಿಲ್:
ಯಾವುದು ಹಾಕಿದರೂ ಕೆಪಾಸಿಟರ್ ಕಡೆ ನೋಡಿ, ದಯವಿಟ್ಟು. 100 ಮೈಕ್ರೋಹೆನ್ರಿಗೆ ಸುಮಾರು 35 ನ್ಯಾನೋಫ್ಯಾರಡ್ ಬೇಕು. 85 ಕಿಲೋಹರ್ಟ್ಸ್‌ನಲ್ಲಿ ಅದರ ರಿಯಾಕ್ಟೆನ್ಸ್ 53 ಓಮ್, ಅಂದರೆ 45 ಆಂಪಿಯರ್‌ಗೆ ಅದರ ಮೇಲೆ 2,400 ವೋಲ್ಟ್ ಆರ್‌ಎಂಎಸ್. ಒಂದೇ ಫಿಲ್ಮ್ ಕೆಪಾಸಿಟರ್ ಮೇಲೆ ಇದನ್ನೆಲ್ಲ ಹೊರಿಸಬೇಡಿ, ಸೀರೀಸ್‌ನಲ್ಲಿ ಹಂಚಿ. ಡೇಟಾಶೀಟ್‌ನಲ್ಲಿ ಡಿಸಿ ರೇಟಿಂಗ್ ನೋಡಿ ಸಮಾಧಾನ ಆಗುವುದೂ ಬೇಡ. ಇಷ್ಟು ಫ್ರೀಕ್ವೆನ್ಸಿಯಲ್ಲಿ ಎಸಿ ರೇಟಿಂಗ್ ತುಂಬಾ ಕೆಳಗೆ ಇಳಿದಿರುತ್ತದೆ.

ಅಂದಹಾಗೆ 10 ಸೆಂ.ಮೀ. ಪರೀಕ್ಷೆ ಸರಿಯಾಗಿಯೇ ಇದೆ. ಕಾರುಗಳ ವೈರ್‌ಲೆಸ್ ಚಾರ್ಜಿಂಗ್‌ನ ಜೆ2954 ಸ್ಟ್ಯಾಂಡರ್ಡ್ ಕೇಳುವುದೂ ಅಡ್ಡಕ್ಕೆ 100 ಮಿ.ಮೀ., ಉದ್ದಕ್ಕೆ 75 ಮಿ.ಮೀ.

ಸುರುಳಿ_ಸುತ್ತುವವ:
ಓ, ಬ್ಯಾಟರಿ ವೋಲ್ಟೇಜೇ ಕಟ್ಟಿಹಾಕುತ್ತದೆ ಅಂತ ಹೊಳೆದಿರಲಿಲ್ಲ.  ಎಲ್‌ಸಿಸಿಗೇ ಹೋಗುತ್ತೇನೆ. ದುಂಡು ಕಾಯಿಲ್ ಬಿಟ್ಟು ಡಿಡಿ ಕಾಯಿಲ್ (D ಆಕಾರದ ಎರಡು ಸುರುಳಿ ಪಕ್ಕಪಕ್ಕ ಇರುವುದು) ಸುತ್ತಬೇಕಾ?

ಮೂರನೇ_ಕಾಯಿಲ್:
ಈಗಲೇ ಬೇಡ. ಡಿಡಿ ಒಂದು ದಿಕ್ಕಿಗೆ ಸರಿದರೆ ಚೆನ್ನಾಗಿ ತಡೆದುಕೊಳ್ಳುತ್ತದೆ, ಇನ್ನೊಂದು ದಿಕ್ಕಿನಲ್ಲಿ ಕಪ್ಲಿಂಗ್ ಸೊನ್ನೆಗೆ ಬೀಳುವ ಜಾಗ ಇರುತ್ತದೆ. ಮೊದಲು ಇರುವ ಕಾಯಿಲ್ ಮೇಲೆ ಕಾರಿನ ತಳದ ಬದಲು ಒಂದು ಅಲ್ಯೂಮಿನಿಯಂ ಹಾಳೆ ಇಟ್ಟು, ಬೇರೆ ಬೇರೆ ಜಾಗಕ್ಕೆ ಸರಿಸುತ್ತಾ 85 ಕಿಲೋಹರ್ಟ್ಸ್‌ನಲ್ಲೇ ಇಂಡಕ್ಟೆನ್ಸ್ ಅಳೆಯಿರಿ. ಹಾಳೆ ಅಥವಾ ಎದುರು ಕಾಯಿಲ್‌ನ ಫೆರೈಟ್ (ಕಾಂತಕ್ಷೇತ್ರಕ್ಕೆ ದಾರಿ ಮಾಡಿಕೊಡುವ ವಸ್ತು) ಹತ್ತಿರ ಬಂದರೆ ಕಾಯಿಲ್‌ನ ಸ್ವಂತ ಇಂಡಕ್ಟೆನ್ಸ್ ಕೂಡ ಬದಲಾಗುತ್ತದೆ, ಟ್ಯೂನಿಂಗ್ ತಪ್ಪುತ್ತದೆ. ಆ ಸಂಖ್ಯೆಗಳು ಇಲ್ಲದೆ ಎಲ್‌ಸಿಸಿ ಕೆಪಾಸಿಟರ್‌ಗಳನ್ನು ಆರ್ಡರ್ ಮಾಡಬೇಡಿ. ಅಳೆದ ಮೇಲೆ ಇಲ್ಲೇ ಹಾಕಿ, ನೋಡೋಣ.