ಫೋನಿನ ಕೇಬಲ್ ಸ್ಪೀಡ್ ಈಗಲೂ ಲೆಕ್ಕಕ್ಕೆ ಬರುತ್ತದಾ?

ಬದಿಯಡ್ಕದವ: ಹೊಸ ಫೋನ್ ನೋಡುತ್ತಿದ್ದೇನೆ. ಯುಎಸ್‌ಬಿ-ಸಿ ಪೋರ್ಟ್ ಇದೆ, ಆದರೆ ವೇಗ ಯುಎಸ್‌ಬಿ 2.0ದ್ದಂತೆ. 2000ದಲ್ಲಿ ಬಂದದ್ದು! "ಈಗ ಯಾರು ಕೇಬಲ್ ಹಾಕ್ತಾರೆ ಮಾರಾಯ್ರೆ, ಎಲ್ಲ ಕ್ಲೌಡ್" ಅಂತಾರೆ ಅಂಗಡಿಯವರು. ನಾನು ಯಕ್ಷಗಾನದ ವಿಡಿಯೋ ಮಾಡುವವನು. ಬೆಳಗಾಗುವಾಗ 100 ಜಿಬಿ ತುಂಬಿರುತ್ತದೆ. ನಮ್ಮ ಮನೆಯ ನೆಟ್‌ನಲ್ಲಿ ಅದು ಮೇಲೆ ಹೋಗುವಷ್ಟರಲ್ಲಿ ಮುಂದಿನ ಆಟವೇ ಶುರುವಾದೀತು. ಅದೂ ಭಾಗವತರು ಕಾರು ಹತ್ತುವ ಮೊದಲೇ ಪೆನ್‌ಡ್ರೈವ್ ಕೇಳುತ್ತಾರೆ.

ಕುಂಬಳೆಯಿಂದ: 2.0 ಅಂದರೆ ಕಾಗದದಲ್ಲಿ ಸೆಕೆಂಡಿಗೆ 480 ಮೆಗಾಬಿಟ್, ಅಂದರೆ 60 ಮೆಗಾಬೈಟ್. ಕೈಗೆ ಸಿಗುವುದು ಸುಮಾರು 30-40. ನಿಮ್ಮ 100 ಜಿಬಿಗೆ ಮುಕ್ಕಾಲು ಗಂಟೆಯಾದರೂ ಬೇಕು. ಮನೆಗೆ ಬಂದು ಕೇಬಲ್ ಚುಚ್ಚಿ ಮಲಗಿ ಅನ್ನಬಹುದಿತ್ತು, ಆದರೆ ಭಾಗವತರು ಬಿಡಬೇಕಲ್ವಾ!

ಪೆರ್ಲದಿಂದ: ಪೋರ್ಟಿನ ಆಕಾರ ನೋಡಿ ವೇಗ ಹೇಳಲಾಗದು. 2023ರ ಐಫೋನ್ 15ಕ್ಕೆ ಸಿ ಬಂತು, ವೇಗ ಹಳೆಯದೇ. 15 ಪ್ರೊಗೆ 10 ಗಿಗಾಬಿಟ್, ಆದರೆ ಡಬ್ಬದ ಕೇಬಲ್ 2.0ದ್ದೇ! ಬೇರೆ ಕೇಬಲ್ ಕೊಳ್ಳಬೇಕು. ಇದು ಸುಮ್ನೆ ಕಿರಿಕಿರಿ. ಮನೆಯೊಳಗಾದರೆ ಒಳ್ಳೆಯ ವೈಫೈ ರೂಟರ್ 2.0 ಕೇಬಲ್‌ಗಿಂತ ಜೋರಾಗಿ ಕಳಿಸಬಹುದು. ಅದಕ್ಕೆ ಇಂಟರ್‌ನೆಟ್ ಬೇಡ.

ಬದಿಯಡ್ಕದವ: ಮಳೆಗಾಲದಲ್ಲಿ ಕರೆಂಟೇ ಇರುವುದಿಲ್ಲ, ರೂಟರ್ ಎಲ್ಲಿಂದ? ಚೌಕಿಯ (ವೇಷ ಕಟ್ಟುವ ಜಾಗ) ಹತ್ತಿರ ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಕೆಲಸ ಮುಗಿಯಬೇಕು. 2.0ಕ್ಕಿಂತ ವೇಗದ ಯುಎಸ್‌ಬಿ 3 ಇರುವ ಹಳೆಯ ಮಾಡೆಲ್ಲೇ ಹುಡುಕುತ್ತೇನೆ.

ಕುಂಬಳೆಯಿಂದ: ಹಾಗಾದರೆ ಪೆನ್‌ಡ್ರೈವ್ ಕೂಡ ನೋಡಿ ತಗೊಳ್ಳಿ. ಅಗ್ಗದ್ದಾದರೆ ಬರೆಯುವಾಗ ಫೋನಿಗಿಂತ ನಿಧಾನ.