ಅಪ್‌ಡೇಟ್: ತಂದೆಯವರೊಂದಿಗೆ ಹೊಸ ಸಂಗೀತ ನಾಟಕ ನೋಡಿದೆ

ಗದಗದ ವೀರೇಶ್ವರ ಪುಣ್ಯಾಶ್ರಮದ ನಾಟಕಗಳನ್ನು ನೋಡುತ್ತ ಬೆಳೆದ ನನ್ನ ತಂದೆಯವರಿಗೆ ಧಾರವಾಡಕ್ಕೆ ಬಂದಿರುವ ಹೊಸ ಸಂಗೀತ ನಾಟಕ ಹಿಡಿಸೀತೇ, ಅದರಲ್ಲಿ ನಟರೇ ಹಾಡುತ್ತಾರೆಯೇ ಅಥವಾ ಧ್ವನಿಮುದ್ರಿತ ಹಾಡಿಗೆ ತುಟಿಯಾಡಿಸುತ್ತಾರೆಯೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ನಟರೇ ಹಾಡುತ್ತಾರೆ. ಹಾರ್ಮೋನಿಯಂ ಮತ್ತು ತಬಲಾ ವಾದಕರು ರಂಗದ ಅಂಚಿನಲ್ಲಿ ಪ್ರೇಕ್ಷಕರಿಗೆ ಕಾಣುವಂತೆಯೇ ಕುಳಿತಿರುತ್ತಾರೆ. ಎರಡನೆಯ ಅಂಕದಲ್ಲಿ ತಾಯಿಯ ಪಾತ್ರಧಾರಿಣಿ ಭೀಮಪಲಾಸಿ ರಾಗದ ಪದವೊಂದನ್ನು ಮಧ್ಯಮ ಸ್ವರದಲ್ಲಿ ನಿಲ್ಲಿಸಿ, ಮಗನೊಂದಿಗೆ ನಾಲ್ಕು ಮಾತಾಡಿ, ಮತ್ತೆ ಅದೇ ಸ್ವರದಿಂದ ಹಾಡನ್ನು ಎತ್ತಿಕೊಂಡರು. ಅಷ್ಟು ಹೊತ್ತೂ ಹಾರ್ಮೋನಿಯಂ ವಾದಕರು ತಿದಿಯ ಮೇಲೆ ಕೈಯಿಟ್ಟು ಅವರ ಮುಖವನ್ನೇ ನೋಡುತ್ತಿದ್ದರು. ಮಾತು ಯಾವಾಗ ಹಾಡಾಯಿತೆಂಬುದು ತಿಳಿಯದಂತೆ ಮಾಡುವ ಈ ಕುಶಲತೆ, ಗರುಡ ಸದಾಶಿವರಾಯರಂಥ ಹಿರಿಯ ನಟರು ನಾಟಕ ಕಂಪನಿ ಕಟ್ಟಿದ ನಮ್ಮ ಭಾಗದ ರಂಗಭೂಮಿಗೆ ಸಹಜವಾದದ್ದು, ಮತ್ತು ಯುವ ಕಲಾವಿದರು ಅದನ್ನು ಶ್ರದ್ಧೆಯಿಂದ ಕಲಿತಿರುವುದು ನನಗೆ ಅತ್ಯಂತ ಸಂತೋಷ ತಂದಿತು.

ತಂದೆಯವರಿಗೆ ಒಂದೇ ತಕರಾರು. ಹಿಂದೆ ಪ್ರೇಕ್ಷಕರು ‘ಒನ್ಸ್ ಮೋರ್’ ಎಂದರೆ ನಟರು ಪದವನ್ನು ಮತ್ತೆ ಹಾಡಿ ಬೆಳೆಸುತ್ತಿದ್ದರು, ಇಲ್ಲಿ ರಾಗ ಬಿಚ್ಚಿಕೊಳ್ಳುವ ಮೊದಲೇ ದೃಶ್ಯ ಬದಲಾಗುತ್ತದೆ ಎಂದರು. ನನಗಾದರೋ ಆ ಬಿಗುವು ಕಥೆಗೆ ಒಪ್ಪುವಂತೆ ಕಂಡಿತು. ಮೇಳದ ಹಾಡುಗಳಲ್ಲಿ ಮಾತ್ರ ಮೈಕಿನ ಅಬ್ಬರಕ್ಕೆ ಸಾಹಿತ್ಯ ಕೇಳಿಸಲಿಲ್ಲ. ಇದನ್ನು ತಂಡದವರು ಖಂಡಿತ ಸರಿಪಡಿಸಬೇಕು.

ಹಿರಿಯರನ್ನು ಕರೆದೊಯ್ಯುವವರು ಸ್ಪೀಕರ್‌ಗಳಿಂದ ದೂರವಾಗಿ, ನಡುವಿನ ಸಾಲುಗಳಲ್ಲಿ ಕುಳಿತುಕೊಳ್ಳಿ. ಹುಬ್ಬಳ್ಳಿಯಲ್ಲಿ ಪ್ರಯೋಗವಾದರೆ ನಾವು ಮತ್ತೆ ಹೋಗುತ್ತೇವೆ.